ಮಗುವಿಗೂ ಹೇಳಬೇಕು

ಅಮೃತೂರು ಕಡೆಯ ಮನೆಯೊಂದರಲ್ಲಿ ಮಗುವಿಗೆ ಆಟಿಸಂ ಇದೆಯೇ ಎಂದು ತಿಳಿಯಬೇಕಾದರೆ ಮೊದಲು ಕುಣಿಗಲ್ ಬಸ್ಸು ಹಿಡಿಯಬೇಕು. ಅಲ್ಲಿಂದ ತುಮಕೂರಿಗೋ, ಬೆಂಗಳೂರಿನ ನಿಮ್ಹಾನ್ಸ್‌ಗೋ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಹೋಗಬೇಕು. ಆ ದಿನದ ಕೂಲಿ ಹೋಗುತ್ತದೆ. ಸಂಜೆ ಮನೆಗೆ ಬರುವಾಗ ಕೈಯಲ್ಲಿ ಇಂಗ್ಲಿಷಿನ ವರದಿಯೊಂದು ಇರುತ್ತದೆ. ಅಜ್ಜಿ ಕೇಳುವುದು ಒಂದೇ ಮಾತು: "ಯಾವಾಗ ವಾಸಿಯಾಗುತ್ತಂತೆ?" ಇದು ವಾಸಿಯಾಗುವ ಕಾಯಿಲೆಯಲ್ಲ, ಆದರೆ ಕಲಿಸಿದರೆ ಮಗು ಕಲಿಯುತ್ತದೆ ಎಂಬಷ್ಟನ್ನು ತಾಯಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಪತ್ತೆ ಹಚ್ಚಿದರೆ ಆದದ್ದು ಅರ್ಧ ಕೆಲಸ. ಮನೆಮಂದಿಗೆ, ಅದರಲ್ಲೂ ಆ ಮಗುವಿಗೇ, ತಿಳಿಯುವಂತೆ ಹೇಳುವುದು ಉಳಿದರ್ಧ ಎಂದು ನಾನು ನಂಬಿದ್ದೇನೆ.

ಹೇಳಿದರೆ ಹಣೆಪಟ್ಟಿ ಅಂಟುತ್ತದೆ ಎನ್ನುವವರಿದ್ದಾರೆ. "ಅಕ್ಕನ ಮದುವೆ ಆಗೋವರೆಗೂ ಬಾಯಿ ಬಿಡಬೇಡಿ" ಎನ್ನುವ ಹಿರಿಯರ ಅಂಜಿಕೆ ಸುಳ್ಳಲ್ಲ. ಸಂಬಂಧ ತಪ್ಪಿದ ಮನೆಗಳು ನಮ್ಮ ಸುತ್ತಲೇ ಇವೆ. ಆದರೆ ಮನೆಯವರು ಬಾಯಿ ಮುಚ್ಚಿದರೆ ಊರು ಮುಚ್ಚುವುದಿಲ್ಲ. ಮೊಂಡ, ಪೆದ್ದ, ಗಾಳಿ ಸೋಕಿದವನು ಎಂದು ಆಗಲೇ ಕರೆದಿರುತ್ತದೆ, ಹುಡುಗ ಅದನ್ನು ಕೇಳಿಸಿಕೊಂಡೂ ಇರುತ್ತಾನೆ. ಮಾತು ಬಾರದ ಮಗುವಿಗೆ ಮಾತು ಅರ್ಥವಾಗುವುದೇ ಇಲ್ಲ ಎಂದುಕೊಳ್ಳುವುದು ದೊಡ್ಡ ತಪ್ಪು. ಊರು ಇಟ್ಟ ಹೆಸರಿಗಿಂತ ಸರಿಯಾದ ಹೆಸರು ಅವನಿಗೆ ಗೊತ್ತಿರಲಿ.

ಹೇಳದೆ ಉಳಿದರೆ ಹೊರೆ ಬೀಳುವುದು ತಾಯಿಯ ಮೇಲೆ. ಗ್ರಹಣದ ಹೊತ್ತಲ್ಲಿ ಹೊರಗೆ ಬಂದಿದ್ದಳು, ಮೊಬೈಲ್ ಕೊಟ್ಟು ಕೆಡಿಸಿದಳು, ಮುದ್ದು ಜಾಸ್ತಿಯಾಯಿತು, ಕಡಿಮೆಯಾಯಿತು. ಹೀಗೆ ತಾಯಿಯನ್ನು ದೂರುವುದು ಹಳ್ಳಿಯ ಅಜ್ಞಾನ ಮಾತ್ರ ಎಂದುಕೊಳ್ಳಬೇಡಿ. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ಮೇಲೆ ಅಮೆರಿಕದ ತಜ್ಞರೇ ತಾಯಂದಿರ ಮಮತೆ ಸಾಲದ್ದೇ ಕಾರಣವೆಂದು ಬಹುಕಾಲ ಹೇಳಿದರು; 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅದನ್ನೇ ದೊಡ್ಡ ಪುಸ್ತಕ ಮಾಡಿದ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಅನುಮಾನ ಹುಟ್ಟಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಹಿಂತೆಗೆದುಕೊಂಡದ್ದು 2010ರಲ್ಲಿ. ಆಟಿಸಂ ಇರುವ ಮಗುವಿನ ಮಿದುಳು ಬೆಳೆಯುವ ಬಗೆಯೇ ಬೇರೆ, ಅದರಲ್ಲಿ ವಂಶವಾಹಿಗಳ ಪಾಲು ದೊಡ್ಡದು, ತಾಯಿಯ ತಪ್ಪು ಏನೂ ಇಲ್ಲ. ಈ ಮಾತನ್ನು ವೈದ್ಯರು ಅತ್ತೆಯ ಎದುರಿಗೇ ಹೇಳಬೇಕು. ಸೊಸೆ ಮನೆಗೆ ಬಂದು ಹೇಳಿದರೆ ಅದಕ್ಕೆ ತೂಕವಿಲ್ಲ.

ಮಗುವಿಗೆ ಹೇಳುವುದು ಹೇಗೆ? ಒಂದೇ ದಿನ ಕೂರಿಸಿಕೊಂಡು ಹೇಳಿ ಮುಗಿಸುವ ಸಂಗತಿ ಅದಲ್ಲ. ಗಣೇಶನ ಮೆರವಣಿಗೆಯಲ್ಲಿ ತಮಟೆ ಬಡಿದೊಡನೆ ಹುಡುಗ ಕಿವಿ ಮುಚ್ಚಿ ಕಿರುಚಿದ ಎನ್ನಿ. ಬೈದು ಎಳೆದುಕೊಂಡು ಬರುವ ಬದಲು ಪಕ್ಕದ ಬೀದಿಗೆ ಕರೆದೊಯ್ದು, ಅವನು ಸಮಾಧಾನವಾದ ಮೇಲೆ ಹೀಗೆ ಹೇಳಬಹುದು: "ನಿನಗೆ ಸದ್ದು ನಮಗಿಂತ ಜೋರಾಗಿ ತಾಗುತ್ತೆ ಮಗ. ಅದಕ್ಕೆ ಆಟಿಸಂ ಅಂತಾರೆ. ಇನ್ನೊಂದ್ಸಲ ಹಿಂಗಾದಾಗ ನನ್ನ ಕೈ ಎಳಿ, ಆಚೆ ಹೋಗೋಣ." ಮಾತು ಚಿಕ್ಕದಿರಲಿ, ಬೇಕಾದರೆ ಚಿತ್ರ ತೋರಿಸಿ, ಇನ್ನೊಂದು ಸಂದರ್ಭ ಬಂದಾಗ ಮತ್ತೆ ಹೇಳಿ. ಅವನಿಗೆ ಚೆನ್ನಾಗಿ ಬರುವುದನ್ನೂ, ಬಸ್ಸಿನ ನಂಬರುಗಳೆಲ್ಲ ನೆನಪಿರುವುದನ್ನೂ, ಜೊತೆಗೇ ಹೇಳಿ. ಅಕ್ಕನಿಗೂ ಹೇಳಬೇಕು: ಇದು ಅಂಟುವುದಿಲ್ಲ, ನೀನು ಜಗಳವಾಡಿದ್ದರಿಂದ ಬಂದದ್ದಲ್ಲ ಎಂದು. ಮಕ್ಕಳು ಇಂಥ ಭಯವನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಒಂದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಬಂದ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ನೆರವಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬಂದು ಮಕ್ಕಳ ತಪಾಸಣೆ ಮಾಡಬೇಕು. ಇಲ್ಲದ್ದು, ಕೂತು ತಿಳಿಸಿ ಹೇಳುವವರು. ಆಸ್ಪತ್ರೆಯವರು ವರದಿಯ ಜೊತೆ ಒಂದು ಪುಟ ಕನ್ನಡದಲ್ಲಿ ಬರೆದು ಕೊಡಲಿ. ತಿಂಗಳೊಳಗೆ ಎರಡನೇ ಸಲ, ಅಪ್ಪ, ಅಜ್ಜಿ ಎಲ್ಲರನ್ನೂ ಕರೆಸಲಿ. ಅಷ್ಟು ದೂರ ಬರಲಾಗದವರ ಮನೆಗೆ ಆಶಾ ಕಾರ್ಯಕರ್ತೆಯೋ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೋ ಹೋಗಿ ಮಾತಾಡಲಿ. ಅವರಿಗೆ ಆ ತರಬೇತಿಯನ್ನು ಕುಣಿಗಲ್ಲಿನಲ್ಲೇ ಕೊಡಬಹುದು.