ಅಕ್ಕನ ಸಹಿ

ಮಾರ್ಚ್ ಬಂತೆಂದರೆ ನಮ್ಮ ಆಫೀಸಿನಲ್ಲಿ ಒಂದು ಸಭೆ ಗ್ಯಾರಂಟಿ. ಗುಲಾಬಿ ಹೂವು, ಕಪ್ ಕೇಕು, ದೊಡ್ಡ ಹುದ್ದೆಯ ಮಹಿಳೆಯೊಬ್ಬರ ಭಾಷಣ. ಈ ಸಲ ಬಂದವರು "ಬಾಲ್ಯದ ಕಷ್ಟಗಳೇ ನನ್ನನ್ನು ಲೀಡರ್ ಮಾಡಿದವು" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಮ್ಯಾನೇಜರ್ ಪಕ್ಕದಲ್ಲೇ ಕೂತಿದ್ದರು.

ಆದರೆ ಈ ಮಾತು ಸುಳ್ಳು ನೋಡ್ರಿ. ಕಷ್ಟವೇ ಲೀಡರ್‌ಗಳನ್ನು ತಯಾರಿಸುವುದಾಗಿದ್ದರೆ ನಮ್ಮ ಕೊಣ್ಣೂರಿನಲ್ಲಿ ಓಣಿಗೊಬ್ಬ ಸಿಇಒ ಇರಬೇಕಿತ್ತು. ಮಲಪ್ರಭೆ 2009ರಲ್ಲಿ ಉಕ್ಕಿದಳು, 2019ರಲ್ಲಿ ಮತ್ತೆ ಉಕ್ಕಿದಳು, ನಡುವೆ ಬರಗಾಲ. ಕಷ್ಟಕ್ಕೆ ನಮ್ಮಲ್ಲಿ ಎಂದೂ ಕೊರತೆಯಾಗಿಲ್ಲ.

ಇಂಥ ಸಭೆಗಳಲ್ಲಿ ತಪ್ಪದೆ ಬರುವ ಹೆಸರು ಸುಧಾ ಮೂರ್ತಿಯವರದು. ಶಿಗ್ಗಾಂವಿಯಲ್ಲಿ ಹುಟ್ಟಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರು. ತರಗತಿಗೆ ಒಬ್ಬಳೇ ಹುಡುಗಿ. ಸೀರೆಯಲ್ಲೇ ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು ಎಂದು ಷರತ್ತು ಹಾಕಿದ್ದರಂತೆ. ಹೆಣ್ಣುಮಕ್ಕಳಿಗೆ ಶೌಚಾಲಯವೂ ಇರಲಿಲ್ಲ. ಅವರೇ ಹೇಳಿಕೊಂಡಿದ್ದಾರೆ. ಭಾಷಣಕಾರರು ಇಷ್ಟನ್ನು ಹೇಳಿ ನಿಲ್ಲಿಸುತ್ತಾರೆ. ಅಪ್ಪ ಡಾಕ್ಟರ್ ಆಗಿದ್ದರು, ಮಗಳನ್ನು ಕಾಲೇಜಿಗೆ ಕಳಿಸಿದರು ಎಂಬುದು ಯಾರಿಗೂ ಕಥೆ ಅನ್ನಿಸುವುದಿಲ್ಲ.

ಕಿರಣ್ ಮಜುಂದಾರ್ ಷಾ ಅವರದೂ ಹಾಗೇ. 1978ರಲ್ಲಿ 10,000 ರೂಪಾಯಿ ಇಟ್ಟುಕೊಂಡು ಬೆಂಗಳೂರಿನ ಗ್ಯಾರೇಜಿನಲ್ಲಿ ಬಯೋಕಾನ್ ಶುರು ಮಾಡಿದ್ದು, ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕಿದ್ದು ಎಲ್ಲರಿಗೂ ಬಾಯಿಪಾಠ. ಆದರೆ ಅದಕ್ಕೂ ಮುಂಚೆ, ಬಿಯರ್ ಕಂಪನಿಯಲ್ಲಿ ಬ್ರೂಮಾಸ್ಟರ್ ಆಗಿದ್ದ ಅಪ್ಪ, ಗಂಡಸರದ್ದೇ ಎನ್ನುವ ಆ ಕಸುಬನ್ನು ನೀನೂ ಕಲಿ ಎಂದು ಮಗಳನ್ನು ಆಸ್ಟ್ರೇಲಿಯಾಕ್ಕೆ ಓದಲು ಕಳಿಸಿದ್ದರು. ಇಬ್ಬರ ಸಾಧನೆಯನ್ನೂ ನಾನು ಸಣ್ಣದು ಮಾಡುತ್ತಿಲ್ಲ. ಕಷ್ಟ ಎಲ್ಲರ ಮನೆಯಲ್ಲೂ ಇತ್ತು, ಅಂಥ ಅಪ್ಪ ಇರಲಿಲ್ಲ ಅಂತಷ್ಟೇ ಹೇಳುತ್ತಿದ್ದೇನೆ.

ನಮ್ಮಕ್ಕನ ವಿಷಯಕ್ಕೆ ಬರುತ್ತೇನೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅವಳಿಗೆ 94. ನನಗೆ 71. ಕಾಲೇಜಿಗೆ ಬಸ್ಸು ಹತ್ತಿ ನರಗುಂದಕ್ಕೆ ಹೋಗಬೇಕಿತ್ತು. "ದೊಡ್ಡ ಹುಡುಗಿ, ದಿನಾ ಬಸ್ಸಿನ್ಯಾಗ ಹೆಂಗ ಅಡ್ಡಾಡ್ತಾಳ?" ಅಂದರು ಅಪ್ಪ. ಮುಗೀತು. ಅವಳು ಹತ್ತಿ ಬಿಡಿಸಲು ಹೋದಳು, ಆ ಕೂಲಿ ನನ್ನ ಫೀಸಿಗೆ ಬಂತು. ನಾನು ಬಿಇ ಆದೆ. ಊರವರು ಇದನ್ನು ಅಕ್ಕನ ತ್ಯಾಗ ಅಂತಾರೆ. ಮನೆಯೊಳಗೆ ನಾನೂ ಹಾಗೇ ಅಂತೀನಿ, ಖರ್ಚಿಲ್ಲದ ಮಾತು.

1981ರಲ್ಲಿ ಇನ್ಫೋಸಿಸ್‌ಗೆಂದು 10,000 ಕೊಟ್ಟ ಹೆಂಡತಿಯನ್ನು ಕಂಪನಿಯೊಳಗೆ ಸೇರಿಸಿಕೊಳ್ಳದ್ದು ತಪ್ಪಾಯಿತು ಎಂದು ನಾರಾಯಣ ಮೂರ್ತಿಯವರು 2024ರಲ್ಲಿ ಒಪ್ಪಿಕೊಂಡರು. ಅದನ್ನು ಮೊಬೈಲಿನಲ್ಲಿ ನೋಡುವಾಗ ನನ್ನ ಹೊಟ್ಟೆಯೊಳಗೆ ಏನೋ ತಿರುವಿದಂತಾಯಿತು.

ಯಾಕೆಂದರೆ ನಮ್ಮನೆಯಲ್ಲಿ ಆದದ್ದು ಅದಕ್ಕಿಂತ ಕೆಟ್ಟದ್ದು. ಅಪ್ಪ ತೀರಿದ ಮೇಲೆ ನಾಲ್ಕು ಎಕರೆ ನನ್ನ ಹೆಸರಿಗೆ ಮಾಡಿಸಿದೆವು. ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತು, 2005ರಲ್ಲಿ ಕೇಂದ್ರವೂ ಮಾಡಿತು. ಅದಕ್ಕೇ ಅಕ್ಕನ ಸಹಿ ಬೇಕಾಗಿತ್ತು. ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿದಳು. ನಾವು ಇಳಕಲ್ ಸೀರೆ ಉಡಿಸಿದೆವು. ಒಂದು ಸೀರೆಗೆ ಎರಡು ಎಕರೆ ಎರೆಹೊಲ. ಯಾವ ವೆಂಚರ್ ಕ್ಯಾಪಿಟಲಿಸ್ಟನಿಗೂ ಇಂಥ ಡೀಲ್ ಸಿಗಲಿಕ್ಕಿಲ್ಲ.

ಈಗ ಅಕ್ಕ ಐದು ಹೆಂಗಸರನ್ನು ಇಟ್ಟುಕೊಂಡು ಖಡಕ್ ರೊಟ್ಟಿ ಮಾಡಿಸಿ ಹುಬ್ಬಳ್ಳಿಯ ಖಾನಾವಳಿಗಳಿಗೆ ಕಳಿಸುತ್ತಾಳೆ. ಲೆಕ್ಕವೆಲ್ಲ ತಲೆಯಲ್ಲೇ. ರೊಟ್ಟಿ ಮಷೀನ್ ತಗೋಬೇಕೆಂದು ಬ್ಯಾಂಕಿಗೆ ಹೋದರೆ, "ನಿಮ್ಮ ಹೆಸರಿಲೆ ಏನೈತ್ರಿ?" ಅಂತ ಕೇಳಿದರಂತೆ. ಏನೂ ಇಲ್ಲ. ಇದ್ದದ್ದು ನನ್ನ ಹೆಸರಿನಲ್ಲಿದೆ. ನಾನು ವೈಟ್‌ಫೀಲ್ಡಿನಲ್ಲಿ ಕೂತು ಮಹಿಳಾ ನಾಯಕತ್ವಕ್ಕೆ ಚಪ್ಪಾಳೆ ಹೊಡೆಯುತ್ತಿದ್ದೇನೆ.

ನನ್ನ ಓರಗೆಯ ಗಂಡಸರನ್ನೇ ಕೇಳುತ್ತೇನೆ: ನಿಮ್ಮ ಊರಿನ ಉತಾರದಲ್ಲಿ ಯಾರ ಹೆಸರಿದೆ? ಅಕ್ಕ-ತಂಗಿಯರ ಸಹಿ ಎಲ್ಲಿ ಬಿದ್ದಿದೆ? ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್ ಹಾಕುವ ಮುಂಚೆ ಅದನ್ನೊಮ್ಮೆ ತೆಗೆದು ನೋಡಿ.

ಸಭೆ ಮುಗಿದ ರಾತ್ರಿ ಅಕ್ಕನಿಗೆ ಫೋನ್ ಮಾಡಿ, ಎರಡು ಎಕರೆ ನಿನ್ನ ಹೆಸರಿಗೆ ಮಾಡಿಸುತ್ತೇನೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಿನ್ನ ಹೇಣ್ತಿನ್ನ ಕೇಳಿಯೇನು?"

"ಇಲ್ಲ."

"ಮೊದಲ ಆಕಿನ್ನ ಕೇಳು. ಆಮ್ಯಾಲೆ ಉತಾರ ತಗೊಂಡು ಬಾ."