ದೀಕ್ಷಾಭೂಮಿ ಕಾಣದ ರಮಾಬಾಯಿ
ದಸರೆ ಬಂತೆಂದರೆ ನಮ್ಮ ಕಲಬುರಗಿ, ಬೀದರ್ ಕಡೆಯವರು ಬುತ್ತಿ ಕಟ್ಟಿಕೊಂಡು ನಾಗಪುರದ ದೀಕ್ಷಾಭೂಮಿಗೆ ಹೊರಡುತ್ತಾರೆ. ನನಗೆ ನೆನಪಾಗುವುದು ಅಂಬೇಡ್ಕರ್ ಅಲ್ಲಿ ಬೌದ್ಧ ದೀಕ್ಷೆ ಪಡೆದ 1956ರ ಅಕ್ಟೋಬರ್ 14ನ್ನು ನೋಡಲು ಉಳಿಯದ ಅವರ ಪತ್ನಿ ರಮಾಬಾಯಿ. ಐವರು ಮಕ್ಕಳಲ್ಲಿ ನಾಲ್ವರನ್ನು ಮಣ್ಣು ಮಾಡಿ, ಗಂಡ ವಿದೇಶದಲ್ಲಿ ಓದುವಾಗ ಅರೆಹೊಟ್ಟೆಯಲ್ಲಿ ಸಂಸಾರ ತೂಗಿಸಿ, ಬಹುಕಾಲ ಕಾಯಿಲೆಯಲ್ಲಿ ನವೆದು, 1935ರ ಮೇ 27ರಂದು ಮುಂಬಯಿಯ ತಮ್ಮ ಮನೆ ‘ರಾಜಗೃಹ’ದಲ್ಲಿ ತೀರಿಕೊಂಡರು. ಪಂಢರಪುರ ನೋಡುವ ಆಸೆ ಅವರಿಗೆ. ನಮ್ಮನ್ನು ಗುಡಿಯಾಚೆ ನಿಲ್ಲಿಸುವ ಊರೇಕೆ, ಬೇರೆಯದೇ ಪಂಢರಪುರ ಕಟ್ಟೋಣ ಎಂದಿದ್ದರಂತೆ ಅಂಬೇಡ್ಕರ್. ಅದು ನಾಗಪುರವೇ ಆಯಿತು ಎನ್ನುವವರುಂಟು. ಆಗಿದ್ದರೂ 21 ವರ್ಷ ತಡವಾಗಿ. ‘ಥಾಟ್ಸ್ ಆನ್ ಪಾಕಿಸ್ತಾನ್’ ಗ್ರಂಥವನ್ನು ಬಾಬಾಸಾಹೇಬರು ಅರ್ಪಿಸಿದ್ದು ‘ರಾಮು’ವಿನ, ಅಂದರೆ ರಮಾಬಾಯಿಯ ನೆನಪಿಗೆ. ಜಯಂತಿಯಂದು ಫೋಟೊಕ್ಕೆ ಹಾರ ಹಾಕಿ ಮುಗಿಸುವ ನಾವು ಆ ಅರ್ಪಣೆಯ ಪುಟವನ್ನೊಮ್ಮೆ ಓದಬೇಕು.