ವಾರದ ಸಂಬಳ, ವಾರದ ಬಾಡಿಗೆ

ಮೆಲ್ಬರ್ನ್‌ನಲ್ಲಿ ಬಾಡಿಗೆ ಮನೆಯ ಜಾಹೀರಾತಿನಲ್ಲಿ ಕಾಣುವ ಮೊತ್ತ ತಿಂಗಳಿನದಲ್ಲ, ವಾರದ್ದು. ಊರಿನಿಂದ ಬಂದವರಿಗೆ ಇದು ಮೊದಲ ದಿನವೇ ತಿಳಿಯುತ್ತದೆ. ಆದರೂ ಲೆಕ್ಕ ಕೈ ಹತ್ತಲು ಕೆಲವು ತಿಂಗಳೇ ಬೇಕು. ವಾರಕ್ಕೆ 220 ಡಾಲರ್ ಎಂದರೆ ನಾಲ್ಕರಿಂದ ಗುಣಿಸಿ, ತಿಂಗಳಿಗೆ 880 ಎಂದು ಮನೆಯವರಿಗೆ ಹೇಳಿಬಿಡುವವರೇ ಹೆಚ್ಚು. ವರ್ಷಕ್ಕೆ ಇರುವುದು 48 ವಾರವಲ್ಲ, 52. 220ನ್ನು 52ರಿಂದ ಗುಣಿಸಿ 12ರಿಂದ ಭಾಗಿಸಿದರೆ ಬರುವುದು 953 ಡಾಲರ್ ಚಿಲ್ಲರೆ. ತಿಂಗಳ ಲೆಕ್ಕದಲ್ಲಿ ಬೆಳೆದವರ ಕೈಯಿಂದ 73 ಡಾಲರ್ ಹೀಗೆ ಸದ್ದಿಲ್ಲದೆ ಜಾರುತ್ತದೆ.

ಹೊರನಾಡ ಕನ್ನಡಿಗರ ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಇಂಥ ಲೆಕ್ಕಕ್ಕೆ ಜಾಗವಿರುವುದಿಲ್ಲ. ನೆಲೆ ನಿಂತವರ ನೆನಪುಗಳು, ಮಕ್ಕಳ ಚಿತ್ರಗಳು, ರಾಜ್ಯೋತ್ಸವದ ಫೋಟೋಗಳು, ನಾಟಕದ ವರದಿ, ಇವೆಲ್ಲ ಇರಬೇಕಾದವೇ. ಆದರೆ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು ಊಟ ಮುಗಿಸಿ, ಸಂಜೆಯ ಶಿಫ್ಟಿಗೆ ಹೊತ್ತಾಯಿತೆಂದು ಎದ್ದು ಹೋಗುವ ಹುಡುಗ ಹುಡುಗಿಯರ ಬದುಕು ಈ ಪುಟಗಳಲ್ಲಿ ಬರುವುದು ಅಪರೂಪ. ಈ ಬಾರಿಯ ಸಂಪಾದಕೀಯ ಅವರ ವಾರದ ಖರ್ಚಿನ ಬಗ್ಗೆ.

ಹಾಸನದಿಂದಲೋ ದಾವಣಗೆರೆಯಿಂದಲೋ ಸ್ನಾತಕೋತ್ತರ ಪದವಿಗೆಂದು ಬರುವ ವಿದ್ಯಾರ್ಥಿಯ ಹಣಕಾಸು ವಿಮಾನ ಹತ್ತುವ ಮೊದಲೇ ಬಿಗಿಯಾಗಿರುತ್ತದೆ. 2024ರ ಮೇ 10ರಿಂದ ವೀಸಾ ಅರ್ಜಿಯ ಜೊತೆ ಒಂದು ವರ್ಷದ ಜೀವನ ವೆಚ್ಚಕ್ಕೆಂದು 29,710 ಡಾಲರ್ ತೋರಿಸಬೇಕು. ಇದು ಕಾಲೇಜಿನ ಶುಲ್ಕ, ಪ್ರಯಾಣ ವೆಚ್ಚಗಳಿಗೆ ಹೊರತಾದ ಮೊತ್ತ. ವೀಸಾ ಅರ್ಜಿಯ ಶುಲ್ಕ 2024ರ ಜುಲೈ 1ರಂದು 710ರಿಂದ 1,600 ಡಾಲರಿಗೆ ಏರಿತು. ಮರುವರ್ಷ ಅದೇ ದಿನ 2,000 ಆಯಿತು. 29,710ನ್ನು 52ರಿಂದ ಭಾಗಿಸಿದರೆ ವಾರಕ್ಕೆ 571 ಡಾಲರ್. ಸರ್ಕಾರವೇ ಒಪ್ಪಿಕೊಂಡ ಕನಿಷ್ಠ ಖರ್ಚು ಅದು. ಎಷ್ಟೋ ಮನೆಗಳಲ್ಲಿ ಈ ಹಣ ಬ್ಯಾಂಕಿನ ಕಾಗದದಲ್ಲಿ ಮಾತ್ರ ಇರುತ್ತದೆ. ಅದು ಅಪ್ಪನ ಹೆಸರಿನ ಸಾಲ, ಅಡವಿಟ್ಟ ಸೈಟು, ಅಜ್ಜಿಯ ಒಡವೆ. ಅದನ್ನು ಮುಟ್ಟದೆ ಇಲ್ಲಿನ ದುಡಿಮೆಯಲ್ಲೇ ವಾರ ತಳ್ಳಬೇಕೆಂಬುದು ಬಂದವರ ಹಟ. ಆ ಹಟಕ್ಕೆ ತಲೆಬಾಗಲೇಬೇಕು.

ಹಟಕ್ಕೂ ಒಂದು ಗಡಿಯಿದೆ. ತರಗತಿಗಳು ನಡೆಯುವ ಕಾಲದಲ್ಲಿ ವಿದ್ಯಾರ್ಥಿ ವೀಸಾದವರು ಎರಡು ವಾರಕ್ಕೆ 48 ಗಂಟೆ, ಅಂದರೆ ಸರಾಸರಿ ವಾರಕ್ಕೆ 24 ಗಂಟೆ ಮಾತ್ರ ದುಡಿಯಬಹುದು. 2023ರ ಜುಲೈನಿಂದ ಈ ನಿಯಮ ಜಾರಿಯಲ್ಲಿದೆ; ಕೋವಿಡ್‌ಗೆ ಮುಂಚೆ ಮಿತಿ 40 ಗಂಟೆಯಿತ್ತು. ರಜೆಯಲ್ಲಿ ಮಿತಿಯಿಲ್ಲ. ಸೂಪರ್ ಮಾರ್ಕೆಟ್ಟಿನ ಕಪಾಟು ತುಂಬುವುದು, ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು, ವೃದ್ಧಾಶ್ರಮದಲ್ಲಿ ಆರೈಕೆ, ರಾತ್ರಿ ಕಾವಲು, ಸೈಕಲ್ ಮೇಲೆ ಊಟ ಹೊತ್ತು ತಲುಪಿಸುವುದು, ಸಿಗುವ ಕೆಲಸಗಳು ಇಂಥವು. ಬಿ.ಇ. ಓದಿದವಳು ಬೆಳಗಿನ ಜಾವ ನಾಲ್ಕಕ್ಕೆ ಕಚೇರಿಯ ನೆಲ ಒರೆಸಿ, ಒಂಬತ್ತಕ್ಕೆ ತರಗತಿಯಲ್ಲಿ ಕೂರುವುದು ಇಲ್ಲಿ ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ಊರಿನಲ್ಲಿ ಮಾತ್ರ ಅದನ್ನು ಯಾರಿಗೂ ಹೇಳಿರುವುದಿಲ್ಲ.

ಕೈ ಬಿಗಿಯಾದಾಗ ಎಲ್ಲರೂ ಮೊದಲು ಹಿಡಿತ ಮಾಡುವುದು ಊಟದಲ್ಲಿ. ನಾಲ್ವರು ಸೇರಿ ಅಡಿಗೆ ಮಾಡಿಕೊಂಡರೆ ಮೆಲ್ಬರ್ನ್‌ನಲ್ಲಿ ಕಡಿಮೆ ಹಣಕ್ಕೇ ಹೊಟ್ಟೆ ತುಂಬ ಊಟ ಸಾಧ್ಯ. ಅಕ್ಕಿ, ಬೇಳೆ, ಹಾಲು, ಹಣ್ಣು, ತರಕಾರಿಗಳಿಗೆ ಇಲ್ಲಿ ಜಿಎಸ್‌ಟಿ ಇಲ್ಲ. ಹೋಟೆಲಿನ ಊಟಕ್ಕೆ, ಚಿಪ್ಸ್ ಪೊಟ್ಟಣಕ್ಕೆ ಶೇ. 10 ಇದೆ. ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ಟಿನಲ್ಲಿ ವಾರಾಂತ್ಯದ ಮಧ್ಯಾಹ್ನ ಅಂಗಡಿ ಎತ್ತುವ ಹೊತ್ತಿಗೆ ಟೊಮೆಟೊ, ಬಾಳೆಹಣ್ಣುಗಳ ಬೆಲೆ ಇಳಿಸಿ ಕೂಗುತ್ತಾರೆ. ಡ್ಯಾಂಡೆನಾಂಗ್‌ನ ಸಂತೆಯಲ್ಲೂ ಫುಟ್‌ಸ್ಕ್ರೇಯಲ್ಲೂ ಸೊಪ್ಪು, ಹಸಿಮೆಣಸು, ಬೆಂಡೆಕಾಯಿ ದೊಡ್ಡ ಮಳಿಗೆಗಳಿಗಿಂತ ಅಗ್ಗ. ಟಾರ್ನೀಟ್, ಪಾಯಿಂಟ್ ಕುಕ್ ಕಡೆಯ ನಮ್ಮವರ ಅಂಗಡಿಗಳಲ್ಲಿ ಸೋನಾ ಮಸೂರಿ, ತೊಗರಿಬೇಳೆ, ರಾಗಿಹಿಟ್ಟನ್ನು ದೊಡ್ಡ ಚೀಲದಲ್ಲಿ ಕೊಂಡು ಹಂಚಿಕೊಳ್ಳುವವರಿದ್ದಾರೆ. ದೊಡ್ಡ ಸೂಪರ್ ಮಾರ್ಕೆಟ್ಟುಗಳಲ್ಲಿ ಅವಧಿ ಮುಗಿಯಲು ಬಂದ ಹಾಲು, ಮೊಸರು, ಬ್ರೆಡ್ಡಿಗೆ ಇಳಿಸಿದ ಬೆಲೆಯ ಚೀಟಿ ಅಂಟಿಸುತ್ತಾರೆ. ಯಾವ ಅಂಗಡಿಯಲ್ಲಿ ಯಾವ ಹೊತ್ತಿಗೆ ಅಂಟಿಸುತ್ತಾರೆಂಬ ಮಾಹಿತಿ ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ದಾಟುತ್ತದೆ.

ನಮ್ಮ ಅಡಿಗೆಯೂ ಈ ಮಿತವ್ಯಯಕ್ಕೆ ಹೇಳಿ ಮಾಡಿಸಿದ್ದು. ಹುಳಿ ಮಾಡಿದರೆ ಎರಡು ಹೊತ್ತು ಬರುತ್ತದೆ, ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ, ಹುರುಳಿಕಾಳು ಬೇಯಿಸಿದ ನೀರೇ ಬಸ್ಸಾರು. ಆದರೂ ಕಳವಳಪಡಬೇಕಾದ ಒಂದು ಸಂಗತಿಯಿದೆ. ಒಂಟಿಯಾಗಿ ಕೋಣೆ ಹಿಡಿದವರು, ರಾತ್ರಿ ಶಿಫ್ಟಿನವರು ಅಡಿಗೆಗೆ ಹೊತ್ತಿಲ್ಲದೆ ವಾರಗಟ್ಟಲೆ ನೂಡಲ್ಸ್ ಮತ್ತು ಬ್ರೆಡ್ಡಿನಲ್ಲೇ ಕಳೆಯುತ್ತಾರೆ. ಊಟದಲ್ಲಿ ಎಷ್ಟು ಹಿಡಿತ ಮಾಡಿದರೂ ವಾರಕ್ಕೆ ಉಳಿಯುವುದು ಇಪ್ಪತ್ತು ಮೂವತ್ತು ಡಾಲರ್. ಹಣ ನಿಜವಾಗಿ ಸೋರುವ ಜಾಗ ಅಡಿಗೆಮನೆಯಲ್ಲಿಲ್ಲ.

ಅದು ಇರುವುದು ಸಂಬಳದಲ್ಲಿ. 2025ರ ಜುಲೈ 1ರಿಂದ ಆಸ್ಟ್ರೇಲಿಯಾದ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ಕ್ಯಾಶುವಲ್ ಕೆಲಸಗಾರರಿಗೆ ಸಂಬಳದ ರಜೆ ಇಲ್ಲದ ಕಾರಣ ಅದರ ಮೇಲೆ ಶೇ. 25 ಸೇರುತ್ತದೆ, 21 ದಾಟಿದವರಿಗೆ 31.19 ಡಾಲರ್ ಆಗುತ್ತದೆ. ಇದು ತಳಮಟ್ಟ, ಎಷ್ಟೋ ಉದ್ಯೋಗಗಳಿಗೆ, ವಾರಾಂತ್ಯದ ಮತ್ತು ಹಬ್ಬದ ದಿನಗಳ ದುಡಿಮೆಗೆ ದರ ಇನ್ನೂ ಹೆಚ್ಚು. ವಾರಕ್ಕೆ 24 ಗಂಟೆ ದುಡಿದರೆ, ತೆರಿಗೆಗೆ ಮೊದಲು, 748 ಡಾಲರ್. ಈಗ ಇನ್ನೊಂದು ಲೆಕ್ಕ. ಗಂಟೆಗೆ 15 ಡಾಲರ್ ಕೈಗೇ ಕೊಡುತ್ತೇನೆ, ಪೇಸ್ಲಿಪ್ ಕೇಳಬೇಡ ಎನ್ನುವ ಅಂಗಡಿಯಲ್ಲಿ ಅಷ್ಟೇ ಹೊತ್ತು ದುಡಿದರೆ 360 ಡಾಲರ್. ಬಾಡಿಗೆಗೆ 220, ದಿನಸಿಗೆ 80, ರೈಲು ಬಸ್ಸಿನ ಮೈಕಿ ಕಾರ್ಡಿಗೆ 50, ಫೋನಿಗೆ 10 ಎಂದು ಹಿಡಿಯಿರಿ. 360 ಅಲ್ಲಿಗೇ ಮುಗಿಯಿತು. ಜ್ವರಕ್ಕೆ, ಚಳಿಗಾಲದ ಜರ್ಕಿನ್ನಿಗೆ, ಪುಸ್ತಕಕ್ಕೆ, ಬ್ಯಾಂಕಿನ ಬಡ್ಡಿಗೆ ಒಂದು ಕಾಸೂ ಇಲ್ಲ. ಎರಡು ಲೆಕ್ಕಗಳ ನಡುವೆ ಇರುವ 388 ಡಾಲರ್ ಆ ವಿದ್ಯಾರ್ಥಿಯ ಬೆವರಿನದೇ. ಎಷ್ಟು ಟೊಮೆಟೊ ಅಗ್ಗಕ್ಕೆ ತಂದರೂ ಅದನ್ನು ತುಂಬಿಕೊಳ್ಳಲಾಗದು.

ಇದು ಊಹೆಯ ಮಾತಲ್ಲ. 2015ರ ಆಗಸ್ಟ್‌ನಲ್ಲಿ ಎಬಿಸಿಯ ‘ಫೋರ್ ಕಾರ್ನರ್ಸ್’ ಕಾರ್ಯಕ್ರಮ ಮತ್ತು ಫೇರ್‌ಫ್ಯಾಕ್ಸ್ ಪತ್ರಿಕೆಗಳು ಸೆವೆನ್-ಇಲೆವೆನ್ ಮಳಿಗೆಗಳ ಸಂಬಳದ ಮೋಸವನ್ನು ಬಯಲಿಗೆಳೆದವು. ಹಾಗೆ ಮೋಸಹೋದವರಲ್ಲಿ ಬಹಳ ಮಂದಿ ವಿದೇಶಿ ವಿದ್ಯಾರ್ಥಿಗಳು, ಭಾರತೀಯರೂ ಅನೇಕರು. ನಲವತ್ತು ಗಂಟೆ ದುಡಿಸಿ ಪುಸ್ತಕದಲ್ಲಿ ಇಪ್ಪತ್ತೇ ಗಂಟೆ ಬರೆಯುವುದು, ಕೇಳಿದರೆ ‘ಮಿತಿ ಮೀರಿ ದುಡಿದಿದ್ದೀಯ, ವೀಸಾ ಹೋಗುತ್ತದೆ’ ಎಂದು ಹೆದರಿಸುವುದು ನಡೆದಿತ್ತು. ಕೊನೆಗೆ ಕಂಪನಿ ಕೆಲಸಗಾರರಿಗೆ ಹಿಂದಿರುಗಿಸಿದ ಬಾಕಿ 15 ಕೋಟಿ ಡಾಲರ್ ದಾಟಿತು. ಆ ಪ್ರಕರಣದ ಬಿಸಿಯಲ್ಲೇ 2017ರಲ್ಲಿ ದುರ್ಬಲ ಕೆಲಸಗಾರರ ರಕ್ಷಣೆಯ ಕಾಯ್ದೆ ಬಂತು. 2024ರ ಜುಲೈನಿಂದ ವೀಸಾದ ಭಯ ತೋರಿಸಿ ದುಡಿಸುವುದು ಅಪರಾಧ. 2025ರ ಜನವರಿ 1ರಿಂದ ಬೇಕೆಂದೇ ಸಂಬಳ ಕಡಿಮೆ ಕೊಡುವ ಮಾಲೀಕರು ಜೈಲಿಗೂ ಹೋಗಬಹುದು. ಫೇರ್ ವರ್ಕ್ ಆಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಲು ಕಾಸು ಬೇಕಿಲ್ಲ. 13 13 94ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು, ಹೆಸರು ಹೇಳದೆಯೂ ಮಾಹಿತಿ ಕೊಡಬಹುದು.

ಇಷ್ಟೆಲ್ಲ ಇದ್ದರೂ ಕೈಗೇ ಕಾಸು ಕೊಡುವ ಅಂಗಡಿಗಳು ಮುಚ್ಚಿಲ್ಲ. ನೋವಿನ ಮಾತೆಂದರೆ, ಹೊಸಬರು ಮೊದಲು ಕೆಲಸ ಕೇಳಿಕೊಂಡು ಹೋಗುವುದು ತಮ್ಮ ಭಾಷೆ ಬಲ್ಲವರ, ತಮ್ಮ ದೇಶದವರ ಅಂಗಡಿಗೇ. ‘ನಮ್ಮ ಹುಡುಗ’ ಎಂಬ ಅಕ್ಕರೆಯ ಮಾತಿನ ಜೊತೆ ಅರ್ಧ ಸಂಬಳವೂ ಬಂದರೆ ಆ ಹುಡುಗ ಯಾರ ಹತ್ತಿರ ಹೇಳಿಕೊಂಡಾನು? ಎರಡನೆಯ ಕೆಲಸ ಸಿಗುವವರೆಗೆ ಬಾಯಿ ಬಿಡದಿರುವುದೇ ಕ್ಷೇಮ ಅನ್ನಿಸುತ್ತದೆ. ಈ ಮೌನವನ್ನು ಮುರಿಯಬೇಕಾದವರು ವಿದ್ಯಾರ್ಥಿಗಳಲ್ಲ. ಹೋಟೆಲು, ಕ್ಲೀನಿಂಗ್ ಗುತ್ತಿಗೆ, ದಿನಸಿ ಅಂಗಡಿ ನಡೆಸುವವರು ಎಲ್ಲ ಕನ್ನಡ ಸಂಘಗಳಲ್ಲೂ ಇದ್ದಾರೆ; ಸಂಚಿಕೆಗಳಿಗೆ ಜಾಹೀರಾತು ಕೊಟ್ಟು ನೆರವಾಗುವವರೂ ಅವರೇ. ಬಹುಪಾಲು ಜನ ನ್ಯಾಯವಾಗಿಯೇ ಸಂಬಳ ಕೊಡುತ್ತಾರೆ. ಕೊಡದವರೊಂದಿಗೆ ಸಂಘ ಈ ಮಾತನ್ನು ಎತ್ತದಿದ್ದರೆ ಬೇರೆ ಯಾರು ಎತ್ತಬೇಕು?

ಬಾಂಡ್, ಅಂದರೆ ಬಾಡಿಗೆ ಮನೆಯ ಮುಂಗಡದ ವಿಷಯವೂ ಇಂಥದ್ದೇ. ವಿಕ್ಟೋರಿಯಾ ರಾಜ್ಯದಲ್ಲಿ ಮನೆ ಬಾಡಿಗೆಗೆ ಕೊಡುವವರು ಪಡೆದ ಮುಂಗಡವನ್ನು ಹತ್ತು ಕೆಲಸದ ದಿನಗಳೊಳಗೆ ರೆಸಿಡೆನ್ಷಿಯಲ್ ಟೆನೆನ್ಸೀಸ್ ಬಾಂಡ್ ಅಥಾರಿಟಿಗೆ ಕಟ್ಟಬೇಕು. ಆದರೆ ಹಂಚಿಕೊಂಡ ಮನೆಗಳಲ್ಲಿ ಮೊದಲು ಬಂದವರು ಆಮೇಲೆ ಬಂದವರಿಂದ ನಾಲ್ಕು ವಾರದ ಬಾಡಿಗೆಯನ್ನು ಕೈಯಲ್ಲೇ ಇಸಿದುಕೊಳ್ಳುತ್ತಾರೆ, ರಸೀದಿ ಇರುವುದಿಲ್ಲ. ಬಿಡುವಾಗ ಗೋಡೆಯ ಕಲೆ, ಒಲೆಯ ಜಿಡ್ಡು ಎಂದು ಕಾರಣಗಳು ಬೆಳೆಯುತ್ತವೆ. ವಾರಕ್ಕೆ ಹತ್ತು ಹತ್ತಾಗಿ ಕೂಡಿಟ್ಟವರಿಗೆ 880 ಡಾಲರ್ ಒಂದೇ ಮಧ್ಯಾಹ್ನ ಹೋದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಈ ಬಿಗಿಯಾದ ಲೆಕ್ಕ ಎಷ್ಟು ತೆಳ್ಳಗಿನದೆಂದು 2020ರಲ್ಲಿ ಎಲ್ಲರೂ ಕಂಡರು. ಲಾಕ್‌ಡೌನ್ ಬಂದ ವಾರವೇ ಹೋಟೆಲುಗಳು ಮುಚ್ಚಿದವು. ಸಂಬಳಕ್ಕೆಂದು ಸರ್ಕಾರ ಕೊಟ್ಟ ಜಾಬ್‌ಕೀಪರ್ ನೆರವು ವಿದ್ಯಾರ್ಥಿ ವೀಸಾದವರಿಗೆ ಸಿಗಲಿಲ್ಲ. ತಮ್ಮನ್ನು ತಾವು ಸಲಹಿಕೊಳ್ಳಲಾಗದವರು ಊರಿಗೆ ಮರಳಲಿ ಎಂದು ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ ಏಪ್ರಿಲ್ ಮೊದಲ ವಾರದಲ್ಲಿ ಹೇಳಿದರು. ವಿಕ್ಟೋರಿಯಾ ಸರ್ಕಾರ ವಿದೇಶಿ ವಿದ್ಯಾರ್ಥಿಗಳಿಗೆ 1,100 ಡಾಲರ್‌ವರೆಗೆ ನೆರವು ಘೋಷಿಸಿತು. ಅದಕ್ಕಿಂತ ಹತ್ತಿರದಲ್ಲಿ ಕಂಡದ್ದು ಸಿಖ್ ವಾಲಂಟಿಯರ್ಸ್ ಆಸ್ಟ್ರೇಲಿಯಾದ ವ್ಯಾನುಗಳು. ಮೆಲ್ಬರ್ನ್‌ನ ಹೊರವಲಯದ ಅಡಿಗೆಮನೆಯಿಂದ ಬಿಸಿ ಊಟ ಹೊತ್ತು, ಯಾರು ಏನೆಂದು ಕೇಳದೆ, ಬಾಗಿಲಿಗೆ ತಲುಪಿಸಿದರು.

ಕನ್ನಡನಾಡಿಗೂ ಈ ಪರಂಪರೆ ಹೊಸದಲ್ಲ. ಮೈಸೂರು, ಬೆಂಗಳೂರು, ಧಾರವಾಡಗಳಿಗೆ ಓದಲು ಬಂದ ಬಡ ಹುಡುಗರು ವಾರಾನ್ನ ಉಂಡು ಬೆಳೆದರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯಲ್ಲಿ ಅಂಥ ದಿನಗಳ ವಿವರವಿದೆ. ವಾರಾನ್ನಕ್ಕೆ ಜಾತಿಯ ಗೆರೆಯಿತ್ತೆಂಬುದೂ ನಿಜ. ಆ ಗೆರೆಯ ಆಚೆಗೆ ಸಿದ್ಧಗಂಗೆಯಂಥ ಮಠಗಳು, ಸಮುದಾಯಗಳ ಉಚಿತ ವಿದ್ಯಾರ್ಥಿ ನಿಲಯಗಳು ಸಾವಿರಾರು ಮಕ್ಕಳಿಗೆ ಅನ್ನವನ್ನೂ ಸೂರನ್ನೂ ಕೊಟ್ಟವು. ಹೊರನಾಡ ಸಂಘಗಳನ್ನು ಕಟ್ಟಿದ ಹಿರಿಯರಲ್ಲಿ ಇಂಥ ನಿಲಯಗಳ ಪಂಕ್ತಿಯಲ್ಲಿ ಕೂತು ಉಂಡವರು ಕಡಿಮೆಯಿಲ್ಲ.

ಅವರಿಂದ ಸಂಘ ಕೇಳುವುದು ದೊಡ್ಡ ದೇಣಿಗೆಯನ್ನಲ್ಲ. ಹೊಸದಾಗಿ ಬಂದವರಿಗೆ ಮೊದಲ ಎರಡು ವಾರ ಕೋಣೆ ಕೊಡಬಲ್ಲ ಮನೆಗಳ ಪಟ್ಟಿ ಸಾಕು. ಅವಸರದಲ್ಲಿ ಕಂಡ ಕೋಣೆಗೆ ಮುಂಗಡ ಕೊಟ್ಟು ಮೋಸಹೋಗುವುದು ಆ ಎರಡು ವಾರಗಳಲ್ಲೇ. ಲೆಕ್ಕಪರಿಶೋಧಕರಾದ ಸದಸ್ಯರು ವರ್ಷಕ್ಕೆ ಎರಡು ಶನಿವಾರ ಕೂತು ಟ್ಯಾಕ್ಸ್ ಫೈಲ್ ನಂಬರ್ ಪಡೆಯುವುದು, ಪೇಸ್ಲಿಪ್ ಓದುವುದು, ರಿಟರ್ನ್ ಸಲ್ಲಿಸುವುದನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಅದರ ಬೆಲೆ ದೊಡ್ಡದು. ಕೋಣೆ ಬಾಡಿಗೆಗೆ ಕೊಡುವ ಸದಸ್ಯರು ಬಾಂಡನ್ನು ನಿಯಮದಂತೆ ಕಟ್ಟಲಿ, ರಸೀದಿ ಬರೆದು ಕೊಡಲಿ. ಹಬ್ಬದ ಊಟದ ಟಿಕೆಟ್ಟಿನಲ್ಲಿ ವಿದ್ಯಾರ್ಥಿ ದರ ಇದ್ದರೆ ಸಾಲದು. ಅದನ್ನು ಕೇಳಿ ಪಡೆಯುವ ಮುಜುಗರವೂ ಇರಬಾರದು. ಸಂಜೆ ಶಿಫ್ಟಿಗೆ ಓಡುವವರ ಕೈಗೆ ಮಿಕ್ಕ ಬಿಸಿಬೇಳೆಬಾತನ್ನು ಡಬ್ಬಿಯಲ್ಲಿ ಹಾಕಿ ಕೊಡುವ ತಾಯಂದಿರು ಈಗಲೂ ಇದ್ದಾರೆ, ಅವರಿಗೆ ಸಂಘದ ನಮಸ್ಕಾರ.

ಊರಿನಲ್ಲಿ ಈ ಸಂಚಿಕೆ ಓದುವ ತಂದೆ ತಾಯಿಯರಿಗೂ ಒಂದು ಮಾತು. ಮಗ ಫೋನಿನಲ್ಲಿ ‘ಊಟ ಆಯ್ತಮ್ಮ’ ಎಂದರೆ ಏನು ಊಟ ಎಂದು ಕೇಳಿ. ಮೊದಲ ವರ್ಷ ಅವನು ಹಣ ಕಳಿಸದಿದ್ದರೆ ನೆಂಟರೆದುರು ಹೋಲಿಕೆ ಬೇಡ. ಡಾಲರನ್ನು ರೂಪಾಯಿಗೆ ಗುಣಿಸಿ ಸಂಬಳ ಎಷ್ಟೆಂದು ನೋಡುವವರು, ಬಾಡಿಗೆಯನ್ನೂ ಅದೇ ಸಂಖ್ಯೆಯಿಂದ ಗುಣಿಸಿ ನೋಡಲಿ.

ಓದು ಮುಗಿಸಿ ಊರಿಗೆ ಮರಳಿದವರಿಗೆ ಒಂದು ಸೂಚನೆ. 2025ರ ಜುಲೈನಿಂದ ಮಾಲೀಕರು ಸಂಬಳದ ಶೇ. 12ರಷ್ಟನ್ನು ಸೂಪರ್‌ಆನ್ಯುಯೇಶನ್ ಎಂಬ ನಿವೃತ್ತಿ ನಿಧಿಯ ಖಾತೆಗೆ ಕಟ್ಟಬೇಕು. ತಿಂಗಳಿಗೆ 450 ಡಾಲರಿಗಿಂತ ಕಡಿಮೆ ದುಡಿದವರಿಗೆ ಅದು ಇಲ್ಲ ಎಂಬ ಹಳೆಯ ನಿಯಮ 2022ರ ಜುಲೈನಲ್ಲೇ ರದ್ದಾಗಿದೆ. ವಾರಕ್ಕೆ 748 ಡಾಲರಿನ ಸಂಬಳಕ್ಕೆ ಇದು 90 ಡಾಲರಿನ ಸಮೀಪ. ನೂರು ವಾರ ದುಡಿದವರ ಹೆಸರಿಗೆ ಕಟ್ಟಬೇಕಾದ ಹಣ ಒಂಬತ್ತು ಸಾವಿರದ ಹತ್ತಿರ. ವೀಸಾ ಮುಗಿದು ದೇಶ ಬಿಟ್ಟ ಮೇಲೆ ಇದನ್ನು ಆನ್‌ಲೈನ್ ಅರ್ಜಿಯ ಮೂಲಕ ಮರಳಿ ಪಡೆಯಬಹುದು. ವಿದ್ಯಾರ್ಥಿ ವೀಸಾದಲ್ಲಿ ಇದ್ದವರಿಗೆ ಸಾಮಾನ್ಯವಾಗಿ ಶೇ. 35 ತೆರಿಗೆ ಕಳೆಯುತ್ತಾರೆ, ಉಳಿದದ್ದು ಅವರದೇ. ಆರು ತಿಂಗಳಲ್ಲಿ ಕೇಳದಿದ್ದರೆ ಹಣ ತೆರಿಗೆ ಕಚೇರಿಗೆ ಹೋಗುತ್ತದೆ. ಅಲ್ಲಿಂದಲೂ ಕೇಳಿ ಪಡೆಯಬಹುದು. ಹಳೆಯ ಪೇಸ್ಲಿಪ್ಪುಗಳಲ್ಲಿ ಫಂಡಿನ ಹೆಸರು ಇರುತ್ತದೆ, ಅರ್ಜಿ ಹಾಕುವ ಮೊದಲು ಅವನ್ನು ಹುಡುಕಿ ಇಟ್ಟುಕೊಳ್ಳಿ.